ಮುಸುಕಿನ ಜೋಳದ ಹೇನು ಮತ್ತು ನಂಜುರೋಗ

ಪ್ರಶ್ನೆ: ಕಬ್ಬಿನ ಗದ್ದೆಯ ಪಕ್ಕದಲ್ಲಿ ಎರಡು ಎಕರೆ ಮುಸುಕಿನ ಜೋಳ ಹಾಕಿದ್ದೇನೆ. ಎಳೆಯ ಎಲೆಗಳಲ್ಲಿ ತಿಳಿಹಸಿರು, ಗಾಢಹಸಿರು ಗೆರೆಗಳು ಮೂಡಿವೆ. ಸುಳಿಯಲ್ಲಿ ಹೇನು ಮುತ್ತಿತ್ತು. ಅಂಗಡಿಯವರು ಹೇಳಿದ ಔಷಧಿಯನ್ನು ಎರಡು ಸಲ ಹೊಡೆಸಿದೆ. ಹೇನು ಸತ್ತಿತು, ಆದರೆ ರೋಗ ಹೊಸ ಗಿಡಗಳಿಗೂ ಹಬ್ಬುತ್ತಿದೆ. ಹೀಗೇಕೆ?
– ಓದುಗರು, ಹೊಳೆನರಸೀಪುರ ತಾಲ್ಲೂಕು

ಉತ್ತರ: ಮೊದಲು ರೋಗ ಯಾವುದೆಂದು ಖಚಿತಪಡಿಸಿಕೊಳ್ಳಿ. ಬೆಳಗಿನ ಹೊತ್ತು ಎಲೆಯ ತಳಭಾಗದಲ್ಲಿ ಬಿಳಿ ಬೂಷ್ಟು ಕಂಡರೆ ಅದು ಕೇದಿಗೆ ರೋಗ. ಎಲೆಯ ಬುಡದಿಂದ ನಡುನರದ ಎರಡೂ ಬದಿಗೆ ಅಗಲವಾದ ಬಿಳಿಚು ಪಟ್ಟೆಯಿದ್ದರೆ ಸತುವಿನ ಕೊರತೆ. ಇವೆರಡೂ ಅಲ್ಲವಾದರೆ, ನೀವು ಹೇಳಿದ ಲಕ್ಷಣಗಳಿಗೆ ಕಬ್ಬಿನ ಮೊಸಾಯಿಕ್ ನಂಜಾಣುವೇ (ವೈರಸ್) ಕಾರಣವಿರುವ ಸಾಧ್ಯತೆ ಹೆಚ್ಚು. ಕಬ್ಬು, ಜೋಳ, ಮುಸುಕಿನ ಜೋಳ, ಕೆಲವು ಹುಲ್ಲುಗಳು ಎಲ್ಲವೂ ಇದಕ್ಕೆ ಆಸರೆ.

ಹೇನಿನ ಬಾಯಿ ಸೂಜಿಯಂಥದ್ದು. ರೆಕ್ಕೆಯ ಹೇನು ಗಿಡದ ಮೇಲೆ ಇಳಿದ ಕೂಡಲೇ, ಅದು ತನಗೆ ಒಗ್ಗುವ ಗಿಡವೇ ಎಂದು ತಿಳಿಯಲು ಎಲೆಯ ಮೇಲ್ಪದರವನ್ನು ಚುಚ್ಚಿ ರುಚಿ ನೋಡುತ್ತದೆ. ಕೆಲವು ಸೆಕೆಂಡುಗಳಿಂದ ಒಂದೆರಡು ನಿಮಿಷದ ಈ ಚುಚ್ಚುವಿಕೆಯಲ್ಲೇ ನಂಜಾಣು ಸೂಜಿಗೆ ಅಂಟಿಕೊಂಡು, ಮುಂದಿನ ಗಿಡವನ್ನು ಚುಚ್ಚಿದಾಗ ಅದರೊಳಗೆ ಸೇರುತ್ತದೆ. ಔಷಧಿ ಹೇನನ್ನು ಕೊಲ್ಲುವಷ್ಟರಲ್ಲಿ ರೋಗ ದಾಟಿಯಾಗಿರುತ್ತದೆ. ನಿಮ್ಮ ಹೊಲದಲ್ಲಿ ಆದದ್ದೂ ಇದೇ ಇರಬೇಕು: ನೀವು ಕೊಂದದ್ದು ಸುಳಿಯಲ್ಲಿ ನೆಲೆಸಿದ್ದ ಹೇನನ್ನು, ರೋಗ ತರುತ್ತಿರುವುದು ಹೊರಗಿನಿಂದ ಹಾರಿ ಬಂದು, ಚುಚ್ಚಿ, ಮುಂದೆ ಸಾಗುವ ಹೇನು. ಆದರೆ ಈ ನಂಜಾಣು ಹೇನಿನ ಬಾಯಲ್ಲಿ ಕೆಲವು ಗಂಟೆಗಳಿಗಿಂತ ಹೆಚ್ಚು ಉಳಿಯುವುದಿಲ್ಲ. ಪೊರೆ ಕಳಚಿದರೂ ಹೋಗಿಬಿಡುತ್ತದೆ. ಆದ್ದರಿಂದ ರೋಗದ ಮೂಲ ಸಾಮಾನ್ಯವಾಗಿ ಹತ್ತಿರದಲ್ಲೇ ಇರುತ್ತದೆ.

ಎಲ್ಲ ನಂಜುರೋಗಗಳೂ ಹೀಗೆ ಹರಡುವುದಿಲ್ಲ. 1951ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಿಂದ ಮೊದಲು ವರದಿಯಾದ ಬಾರ್ಲಿಯ ಹಳದಿ ಕುಬ್ಜ ರೋಗ ಗೋಧಿಯನ್ನೂ ಕಾಡುತ್ತದೆ. ಅದರ ನಂಜಾಣು ಆಹಾರ ಸಾಗಿಸುವ ನಾಳಗಳಲ್ಲಿ ಮಾತ್ರ ಇರುವುದರಿಂದ ಅದನ್ನು ಹೀರಲು ಹೇನು ಗಂಟೆಗಟ್ಟಲೆ ಗಿಡದ ಮೇಲೆ ಕೂರಬೇಕು. ಆಮೇಲೆ ಅದು ಕರುಳಿನಿಂದ ದೇಹರಸಕ್ಕೆ, ಅಲ್ಲಿಂದ ಜೊಲ್ಲಿನ ಗ್ರಂಥಿಗೆ ತಲುಪಬೇಕು. ಒಮ್ಮೆ ತಲುಪಿದರೆ ಹೇನು ಬದುಕಿರುವವರೆಗೂ ರೋಗ ಹರಡುತ್ತದೆ, ಆದರೆ ಮರಿಗಳಿಗೆ ಹುಟ್ಟಿನಿಂದ ನಂಜು ಬರುವುದಿಲ್ಲ. ಇಂಥ ರೋಗದಲ್ಲಿ ಕೀಟನಾಶಕದಿಂದ ಬೀಜೋಪಚಾರ ಮಾಡಿದರೆ ಪ್ರಯೋಜನವಿದೆ, ಏಕೆಂದರೆ ಹೇನು ಗಿಡದಿಂದ ಗಿಡಕ್ಕೆ ದಾಟುವ ಮೊದಲೇ ಸಾಯುತ್ತದೆ.

ದಯವಿಟ್ಟು ಮೂರನೆಯ ಸಲ ಔಷಧಿ ಹೊಡೆಸಬೇಡಿ. ರೋಗ ತಗುಲಿದ ಗಿಡ ಅದರಿಂದ ಗುಣವಾಗುವುದಿಲ್ಲ. ಬದಲಿಗೆ ಹೇನನ್ನು ತಿನ್ನುವ ಗುಲಗಂಜಿ ಹುಳುಗಳೂ ಸಾಯುತ್ತವೆ. ಪಕ್ಕದ ಕಬ್ಬಿನ ಎಲೆಗಳನ್ನು, ಅದರಲ್ಲೂ ಕೂಳೆ ಕಬ್ಬಿನದನ್ನು, ಬೆಳಕಿಗೆ ಹಿಡಿದು ನೋಡಿ. ಅಲ್ಲಿಯೂ ಇದೇ ಮಚ್ಚೆ ಕಂಡರೆ ರೋಗದ ಮೂಲ ಬಹುಮಟ್ಟಿಗೆ ಅದೇ. ರೋಗದ ಕಬ್ಬಿನ ತುಂಡುಗಳನ್ನು ಬಿತ್ತನೆಗೆ ಬಳಸಿದರೆ ಮುಂದಿನ ಕಬ್ಬೂ ರೋಗದೊಂದಿಗೇ ಮೊಳೆಯುತ್ತದೆ. ಇದನ್ನು ಪಕ್ಕದ ಗದ್ದೆಯವರಿಗೂ ತಿಳಿಸಿ. ಮುಂದಿನ ಬಾರಿ ಬಿತ್ತುವ ಮುನ್ನ ಬದುವಿನ ಹುಲ್ಲು ತೆಗೆಸಿ, ಸುತ್ತಲಿನವರು ಬಿತ್ತುವಾಗಲೇ ಬಿತ್ತಿ. ಎಳೆಯದರಲ್ಲಿ ರೋಗ ತಗುಲಿದ ಗಿಡಕ್ಕೇ ನಷ್ಟ ಹೆಚ್ಚು. ರೋಗದ ಮೇವನ್ನು ದನಗಳಿಗೆ ಹಾಕಬಹುದು, ಗಿಡದ ಈ ನಂಜು ಅವಕ್ಕೆ ತಗಲುವುದಿಲ್ಲ. ಆದರೆ ಔಷಧಿ ಹೊಡೆದ ಮೇಲೆ ಡಬ್ಬಿಯ ಮೇಲೆ ತಿಳಿಸಿದಷ್ಟು ದಿನ ಕಾಯಲೇಬೇಕು.

ಪ್ರಶ್ನೆ: ರಾಗಿಗೂ ಭತ್ತಕ್ಕೂ ಹೇನಿನಿಂದಲೇ ನಂಜುರೋಗ ಬರುತ್ತದೆಯೆ?
– ಓದುಗರು, ಕಡೂರು

ಉತ್ತರ: ರಾಗಿಯ ಮೊಸಾಯಿಕ್ ರೋಗವನ್ನು ಹೇನು ಹರಡುತ್ತದೆ. ಆದರೆ ರಾಗಿಯಲ್ಲೇ ಬರುವ ಮಚ್ಚೆಗೆರೆ ನಂಜುರೋಗವನ್ನೂ ಭತ್ತದ ಟುಂಗ್ರೊ ರೋಗವನ್ನೂ ಹರಡುವುದು ಜಿಗಿಹುಳುಗಳು. ರೋಗದ ಎಲೆಯ ಜೊತೆಗೆ ಗಿಡದ ಮೇಲಿದ್ದ ಹುಳುವನ್ನೂ ಒಂದು ಶೀಶೆಯಲ್ಲಿ ಹಾಕಿಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋದರೆ ಗುರುತಿಸುವುದು ಸುಲಭ.