ಬಣ್ಣಕ್ಕಿಂತ ಮುಂಚೆ ಮಾಡು (ಛಾವಣಿ) ನೋಡಿ

ಪ್ರಶ್ನೆ: ಸರ್, ನಮ್ಮ ಕಡೆ ಅಗಲ ಕಮ್ಮಿಯ ಮೀಟರ್ ಗೇಜ್ ಹಳಿ ಕಿತ್ತು ಅಗಲದ ಬ್ರಾಡ್ ಗೇಜ್ ಹಾಕಿದ ಕಾಲಕ್ಕೆ ನಮ್ಮ ಮಾವ ಹರಾಜಿನಲ್ಲಿ ಒಂದು ಮರದ ಬೋಗಿ ಹಿಡಿದಿದ್ದರು. ಗಾಲಿ ಸಮೇತ ತೋಟದಲ್ಲಿ ನಿಂತಿದೆ. ಗೊಬ್ಬರದ ಚೀಲ ಇಡುತ್ತೇವೆ. ಊರವರೆಲ್ಲ ‘ಬ್ರಿಟಿಷರ ಕಾಲದ್ದು’ ಅಂತಾರೆ. ನಿಜವಾಗಿ ಎಷ್ಟು ಹಳೇದು ಅಂತ ತಿಳಿಯೋದು ಹೇಗೆ? ದೀಪಾವಳಿಗೆ ಬಣ್ಣ ಹೊಡೆಸಬೇಕು ಅಂತಿದ್ದೇವೆ. ಯಾವ ಬಣ್ಣ ಒಳ್ಳೆಯದು?
– ಓದುಗರೊಬ್ಬರು, ಕೊಪ್ಪಳ

ಉತ್ತರ: ಮೊದಲು ಗೊಬ್ಬರದ ಚೀಲ ಹೊರಗೆ ಹಾಕಿಸಿ. ಇವತ್ತೇ. ಗೊಬ್ಬರ ಅಂದರೆ ಒಂಥರಾ ಉಪ್ಪು. ಗಾಳಿಯ ತೇವ ಹೀರಿಕೊಂಡು ಹಲಗೆ ಸಂದಿಯಿಂದ ಕೆಳಗಿನ ಉಕ್ಕಿನ ಚೌಕಟ್ಟಿಗೆ ಇಳಿಯುತ್ತದೆ. ಮೇಲೆ ಸಾಗವಾನಿ ಗಟ್ಟಿಯಾಗೇ ಕಾಣುತ್ತದೆ. ಕೆಳಗೆ ಉಕ್ಕು ಹಪ್ಪಳದ ಹಾಗೆ ಪದರ ಪದರ ಎದ್ದಿರುತ್ತದೆ.

ಇನ್ನು ವಯಸ್ಸು. ನಿಮ್ಮೂರಿನ ಮಾರ್ಗ ಹಾಕಿದ್ದು ಸದರ್ನ್ ಮರಾಠಾ ರೈಲ್ವೆ. ಆ ಕಂಪನಿ ಹುಟ್ಟಿದ್ದು 1882ರಲ್ಲಿ. 1908ರಲ್ಲಿ ಅದು ಮದ್ರಾಸ್ ರೈಲ್ವೆ ಜೊತೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ, ಚಿಕ್ಕದಾಗಿ ‘ಎಂ ಅಂಡ್ ಎಸ್‌ಎಂ’ ಆಯಿತು. 1951ರ ಏಪ್ರಿಲ್‌ನಲ್ಲಿ ಅದೂ ಹೋಗಿ ದಕ್ಷಿಣ ರೈಲ್ವೆ ಬಂತು. ಹಾಗಾಗಿ ಬೋಗಿಯ ಮೇಲೆ ಯಾವ ಕಂಪನಿಯ ಅಕ್ಷರ ಇದೆ ಅನ್ನೋದು ಮುಖ್ಯ. ಆದರೆ ಎಲ್ಲಿರೋ ಅಕ್ಷರ? ಗಾಲಿಯ ಅಚ್ಚಿನ ತುದಿಯ ಡಬ್ಬದ (ಆಕ್ಸಲ್ ಬಾಕ್ಸ್) ಮುಚ್ಚಳದ ಮೇಲೆ ದಪ್ಪ ಅಕ್ಷರ ಇದ್ದರೆ ಹಿಗ್ಗಬೇಡಿ. ಗಾಲಿ ಬದಲಾಗುತ್ತಲೇ ಇರುತ್ತವೆ, ಮದುವೆಗೆ ಎರವಲು ತಂದ ಒಡವೆ ಇದ್ದ ಹಾಗೆ. ಬೋಗಿಯ ಉದ್ದಕ್ಕೂ ಎರಡೂ ಪಕ್ಕ ಉಕ್ಕಿನ ತೊಲೆ ಹೋಗಿರುತ್ತದಲ್ವಾ, ಅದರ ಮೇಲೆ ಅಂಗೈಯಷ್ಟು ತಗಡು ಹುಡುಕಿ. ಕಟ್ಟಿದವರ ಹೆಸರು, ವರ್ಷ ಅಲ್ಲಿರುತ್ತದೆ. ಅದೂ ಚೌಕಟ್ಟಿನ ವಯಸ್ಸು ಮಾತ್ರ. ಹಳೇ ಚೌಕಟ್ಟಿನ ಮೇಲೆ ಹೊಸ ಮರದ ಮನೆ ಕೂರಿಸೋದು ರೈಲ್ವೆಯಲ್ಲಿ ಮಾಮೂಲು.

ಆ ಮರದ ಮನೆಯ ವಯಸ್ಸಿಗೆ ಬೋಗಿ ಒಳಗೆ ಹೋಗಿ ತಲೆ ಎತ್ತಿ ನೋಡಿ. ಮಾಡಿನ ಹಲಗೆಯಲ್ಲಿ ತಟ್ಟೆಯಷ್ಟು ದುಂಡಗಿನ ತೇಪೆಗಳಿವೆಯಾ? ಇದ್ದರೆ ನಿಮ್ಮ ಅದೃಷ್ಟ. ಕರೆಂಟಿಗೂ ಮುಂಚೆ ಆಳು ಮಾಡಿನ ಮೇಲೆ ನಡೆದು, ತೂತಿನಿಂದ ಎಣ್ಣೆ ದೀಪ ಒಳಗೆ ಇಳಿಸುತ್ತಿದ್ದ. ಕರೆಂಟ್ ಬಂದ ಮೇಲೆ ತೂತು ಮುಚ್ಚಿದರು. ಬಾಗಿಲ ಮೇಲೆ ಮೂರು ಗೀಟಿನ ಗುರುತು ಕಂಡರೆ ಅದು ಮೂರನೇ ಕ್ಲಾಸು. 1974ರಲ್ಲಿ ಮೂರನೇ ಕ್ಲಾಸು ರದ್ದಾಯಿತು, ಅಲ್ಲಿಗೆ ಅದಕ್ಕಿಂತ ಹಿಂದಿನದು ಅಂತಾಯಿತು. ‘ಬ್ರಿಟಿಷರ ಕಾಲದ್ದು’ ಅಂತ ಬೋರ್ಡ್ ಹಾಕೋಕೆ ಇಷ್ಟು ಸಾಲದು.

ಈ ಗುರುತುಗಳೆಲ್ಲ ಇರೋದು ಹಳೇ ಬಣ್ಣದಲ್ಲಿ, ಅದರ ಅಡಿಯಲ್ಲಿ. ಅದಕ್ಕೇ ದೀಪಾವಳಿ ಬಣ್ಣ ಬೇಡ ಅನ್ನೋದು. ನಾನು ರೈಲ್ವೆಯಲ್ಲಿ ಖಲಾಸಿಯಾಗಿದ್ದ (ಕೂಲಿ ಕೆಲಸದಲ್ಲಿದ್ದ) ಹೊಸತರಲ್ಲಿ ಒಂದು ಯಾರ್ಡಿನಲ್ಲಿ ‘ಸಾಹೇಬರು ಬರ್ತಾರೆ’ ಅಂತ ರಾತ್ರೋರಾತ್ರಿ ಒಂದು ಮರದ ಬೋಗಿಗೆ ಬಣ್ಣ ಬಳಿದೆವು. ಹಿಂದಿನ ದಿನ ಮಳೆ ಬಂದಿತ್ತು, ಹಲಗೆ ಹಸಿ. ಬೆಳಿಗ್ಗೆ ನೋಡಿದರೆ ಮದುಮಗಳ ಹಾಗೆ ಮಿಂಚುತ್ತಿತ್ತು, ಸಾಹೇಬರೂ ಖುಷಿ. ಎರಡು ಮಳೆಗಾಲ ಕಳೆದ ಮೇಲೆ ಕಿಟಕಿ ಕೆಳಗಿನ ಹಲಗೆಗೆ ಬೆರಳು ಒತ್ತಿದೆ. ಒಳಗೇ ಹೋಯಿತು. ತೇವ ಹೊರಗೆ ಬರೋಕೆ ನಾವೇ ದಾರಿ ಮುಚ್ಚಿದ್ದೆವು. ಆ ಬೋಗಿಯ ಹಳೇ ನಂಬರೂ ನಮ್ಮ ಬ್ರಶ್ಶಿನ ಅಡಿಯಲ್ಲೇ ಮುಚ್ಚಿಹೋಯಿತು.

ನಿಮ್ಮ ದುಡ್ಡು ಮೊದಲು ಮಾಡಿಗೆ ಹೋಗಲಿ. ಮರದ ಬೋಗಿಯ ಮಾಡು ಅಂದರೆ ಹಲಗೆ, ಅದರ ಮೇಲೆ ಬಿಗಿದ ಕ್ಯಾನ್ವಾಸ್ ಬಟ್ಟೆ, ಅದರ ಮೇಲೆ ದಪ್ಪ ಬಣ್ಣ. ನಮ್ಮ ಬಳ್ಳಾರಿ, ಕೊಪ್ಪಳದ ಬೇಸಿಗೆಗೆ ಹಲಗೆ ಕುಗ್ಗಿ ಬಟ್ಟೆ ಬಿರಿಯುತ್ತದೆ. ಮೊದಲ ಮಳೆ ಸೀದಾ ಒಳಗೆ. ಕ್ಯಾನ್ವಾಸ್ ಹೊಸದಾಗಿ ಹೊದಿಸೋ ಬಡಗಿ ಸಿಗೋವರೆಗೆ ನಾಲ್ಕು ಕಂಬ ನೆಟ್ಟು ತಗಡಿನ ಚಪ್ಪರ ಹಾಕಿಸಿ. ತಾಡಪತ್ರಿ ಮೈಗೆ ಸುತ್ತಬೇಡಿ, ಒಳಗೆ ಬೆವರು ಕಟ್ಟುತ್ತದೆ. ಗಾಲಿ ಮಣ್ಣಿನಲ್ಲಿ ಹೂತಿದ್ದರೆ ಜ್ಯಾಕ್ ಕೊಟ್ಟು ಎತ್ತಿಸಿ, ಹಳಿ ತುಂಡಿನ ಮೇಲೆ ನಿಲ್ಲಿಸಿ, ಅಡಿಗೆ ಜಲ್ಲಿ ಹಾಕಿಸಿ. ಎರೆ ಮಣ್ಣಾದರೆ ಜಲ್ಲಿ ಜಾಸ್ತಿಯೇ ಬೇಕು. ಗೆದ್ದಲು ಹತ್ತೋದೂ ಅಲ್ಲಿಂದಲೇ.

ಆಮೇಲೆ ಬಣ್ಣ. ಹಳೇ ಬಣ್ಣವನ್ನು ನೀರು ಹಾಕದೆ ಸುಮ್ನೆ ಉಜ್ಜಬೇಡಿ. ಅದರಲ್ಲಿ ಸೀಸ ಇರುತ್ತದೆ, ಆ ಧೂಳು ಮಕ್ಕಳಿಗೆ ವಿಷ. ನೀರು ಚಿಮುಕಿಸಿ, ಮುಖಕ್ಕೆ ಒಳ್ಳೇ ಮಾಸ್ಕ್ ಹಾಕಿ, ಒಂದು ಮೂಲೆಯಲ್ಲಿ ಗೇಣುದ್ದ ಮಾತ್ರ ಮೆಲ್ಲಗೆ ತೆಗೆಯಿರಿ. ಈರುಳ್ಳಿ ಸಿಪ್ಪೆಯ ಹಾಗೆ ಒಂದೊಂದೇ ಬಣ್ಣ ಬಿಡುತ್ತದೆ. ಪ್ರತಿ ಪದರಕ್ಕೂ ಫೋಟೊ ತೆಗೆಯಿರಿ. ಆ ಗೇಣುದ್ದ ಜಾಗವನ್ನು ಹಾಗೇ ಬಿಡಿ. ಬಣ್ಣ ಹೋದ ಬರಿ ಹಲಗೆ ಚೆನ್ನಾಗಿ ಒಣಗಿದ್ದರೆ ಅಂಗಡಿಯಲ್ಲಿ ಸಿಗೋ ಕುದಿಸಿದ ಅಗಸೆ ಎಣ್ಣೆ (ಬಾಯಿಲ್ಡ್ ಲಿನ್ಸೀಡ್ ಆಯಿಲ್) ತೆಳ್ಳಗೆ ಹಚ್ಚಿ. ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗೇ ಹೊತ್ತಿಕೊಳ್ಳುತ್ತದೆ. ನೀರಿನಲ್ಲಿ ಅದ್ದಿಡಿ.

ಪ್ರಶ್ನೆ: ರಾಯಚೂರಿನಲ್ಲೂ ಇಂಥ ಮೀಟರ್ ಗೇಜ್ ಬೋಗಿ ಸಿಗಬಹುದಾ? ಮಕ್ಕಳಿಗೆ ಹಳೇ ಬೋಗಿ ತೋರಿಸೋಕೆ ಎಲ್ಲಿಗೆ ಹೋಗಬೇಕು?
– ಶಿಕ್ಷಕಿ, ರಾಯಚೂರು

ಉತ್ತರ: ಕಷ್ಟ, ಮೇಡಂ. ನಿಮ್ಮದು ಮೊದಲಿನಿಂದಲೂ ಬ್ರಾಡ್ ಗೇಜ್ ಊರು. 1871ರಲ್ಲಿ ಬೊಂಬಾಯಿ ಕಡೆಯ ಹಳಿ, ಮದ್ರಾಸ್ ಕಡೆಯ ಹಳಿ ಬಂದು ಕೂಡಿದ್ದೇ ರಾಯಚೂರಿನಲ್ಲಿ. ಎರಡು ಹಳಿಯ ನಡುವೆ 1676 ಮಿಲಿಮೀಟರ್. ಕೊಪ್ಪಳದವರ ಬೋಗಿಗೆ ಬರೀ ಒಂದು ಮೀಟರ್ ಸಾಕು. ಮಕ್ಕಳಿಗೆ ಟೇಪು ಕೊಟ್ಟು ಅಳೆಸಿ, ಆಮೇಲೆ ಮರೆಯೋದಿಲ್ಲ. ನೋಡೋಕೆ ಹುಬ್ಬಳ್ಳಿ ನಿಲ್ದಾಣದ ಹತ್ತಿರ 2020ರಲ್ಲಿ ಶುರುವಾದ ರೈಲು ಮ್ಯೂಸಿಯಂ ಇದೆ. ರಜೆ ಜಾಸ್ತಿ ಇದ್ದರೆ ಮೈಸೂರಿಗೇ ಹೋಗಿ. ಅಲ್ಲಿನ ಮ್ಯೂಸಿಯಂ 1979ರದ್ದು. 1899ರ ಮಹಾರಾಣಿ ಸಲೂನ್ ಅಲ್ಲಿದೆ, ಅಡುಗೆ ಮನೆ ಸಮೇತ. ಹುಡುಗರು ಸಲೂನ್ ನೋಡಿ ಬಾಯಿ ಬಿಡುತ್ತಾರೆ, ನೀವು ಅವರಿಗೆ ಬೋಗಿಯ ಕೆಳಗೆ ಬಗ್ಗಿ ನೋಡೋಕೆ ಹೇಳಿ.

ಕೊಪ್ಪಳದವರೇ, ತೊಲೆ ಮೇಲಿನ ತಗಡು ಸಿಕ್ಕರೆ ಮಂಜಾದರೂ ಪರವಾಗಿಲ್ಲ, ಒಂದು ಫೋಟೊ ಪತ್ರಿಕೆಗೆ ಕಳಿಸಿ. ತಿಕ್ಕಿ ಹೊಳಪು ಮಾಡಬೇಡಿ.