ಪ್ರತಿಕ್ರಿಯೆ: ತಮ್ಮನಿಂದ ಚಾಟ್‌ಬಾಟ್ ಬಿಡಿಸಬೇಕಾ?

ಕೆಲಸ ಹೋದಮೇಲೆ ತಮ್ಮ ರಾತ್ರಿಯೆಲ್ಲ ಚಾಟ್‌ಬಾಟ್ ಜೊತೆಗೇ ಮಾತಾಡ್ತಾನೆ, ಬಿಡಿಸಬೇಕಾ ಅಂತ ಕೇಳಿದ್ದೀರಿ. ಫೋನ್ ಮಾತ್ರ ಕಿತ್ತುಕೊಳ್ಳಬೇಡಿ ಅಕ್ಕಾ. ಮನೆಯಲ್ಲಿ ಬಾಯಿಬಿಡದ ಹುಡುಗ ಅಲ್ಲಾದರೂ ಹೇಳಿಕೊಳ್ತಿದ್ದಾನೆ.

ಯಾವ ಆ್ಯಪ್ ಅಂತ ಮೊದಲು ನೋಡಿ. ವೈಸಾ ಥರದವು (ಅದು ನಮ್ಮ ಬೆಂಗಳೂರಲ್ಲೇ ಹುಟ್ಟಿದ್ದು) ಸಿಬಿಟಿ (ಯೋಚನೆ, ನಡವಳಿಕೆ ತಿದ್ದಿಕೊಳ್ಳಲು ನೆರವಾಗೋ ಮಾತಿನ ಚಿಕಿತ್ಸೆ) ಅಭ್ಯಾಸಗಳ ಮೇಲೆ ಕಟ್ಟಿದವು. ಕಾಡುವ ಯೋಚನೆ ಬರೆದುಕೊಂಡು ಅದು ಎಷ್ಟು ನಿಜ ಅಂತ ಪರೀಕ್ಷಿಸೋದು, ಉಸಿರಾಟದ ಅಭ್ಯಾಸ, ಇಂಥವು. ಸಾಮಾನ್ಯ ಎಐ ಬಾಟ್‌ಗಳಿಗೆ ಕೋಲೆಬಸವನ ಹಾಗೆ ಎಲ್ಲದಕ್ಕೂ ತಲೆಯಾಡಿಸುವ ಚಾಳಿ ಇದೆ. ನನಗೆ ಭಯ ಇರೋದು ಅಲ್ಲೇ. 1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜೆನ್‌ಬಾಮ್ ತೋರಿಸಿದ ಎಲೈಜಾ ಪ್ರೋಗ್ರಾಂ ನಾವು ಟೈಪ್ ಮಾಡಿದ್ದನ್ನೇ ತಿರುಗಿಸಿ ಪ್ರಶ್ನೆ ಕೇಳ್ತಿತ್ತು, ಅಷ್ಟೇ. ಅದರ ಮುಂದೆಯೂ ಜನ ಮನಸ್ಸು ಬಿಚ್ಚಿಟ್ಟರು! ಹೇಳಿಕೊಂಡು ಹಗುರಾಗೋದೇ ಬೇರೆ, ಚಿಕಿತ್ಸೆಯೇ ಬೇರೆ.

ನೀವೇ ಇವತ್ತು ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಉಚಿತ, 24 ಗಂಟೆಯೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ತಮ್ಮನ ಹತ್ತಿರ ಮಾತು ಹೇಗೆ ತೆಗೀಬೇಕು ಅಂತಲೂ ಕೇಳಿ. ಮೊದಲು ಕೌನ್ಸೆಲರ್ ಸಿಗ್ತಾರೆ, ಅಗತ್ಯ ಬಿದ್ದರೆ ಮನೋವೈದ್ಯರಿಗೆ ಕೊಡ್ತಾರೆ.

ಸಾಯುವ ಮಾತೇನಾದರೂ ಬಂದರೆ ಯಾವ ಆ್ಯಪನ್ನೂ ನಂಬಿ ಕೂರಬೇಡಿ. ಒಬ್ಬನನ್ನೇ ಬಿಡದೆ ತಕ್ಷಣ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇನ್ನೊಂದು: 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ವೈದ್ಯರು ರೋಗಿಯ ಗುಟ್ಟು ಕಾಪಾಡಲೇಬೇಕು. ಬಾಟ್‌ಗೆ ಬರೆದದ್ದಕ್ಕೆ ಆ ರಕ್ಷಣೆ ಇದೆ ಅಂದುಕೊಳ್ಳಬೇಡಿ. ಹೆಸರು, ಹಳೇ ಕಂಪನಿಯ ವಿಷಯ ಅಲ್ಲಿ ಹಾಕಬೇಡ ಅಂತ ಅವನಿಗೆ ಹೇಳಿ.