ಮಂಚದ ಅಳತೆಗೆ ಕ್ರೋಶಾ ಹೊದಿಕೆ: ಎಷ್ಟು ಚೈನ್ ಹಾಕಲಿ?

ಪ್ರಶ್ನೆ: ನಮ್ಮ ಮಂಚಕ್ಕೆ ಕ್ರೋಶಾ ಹೊದಿಕೆ ಹೆಣೆಯಬೇಕು ಅಂತ ಆಸೆ. ಹಾಸಿಗೆ 75 ಇಂಚು ಉದ್ದ, 60 ಇಂಚು ಅಗಲ, 6 ಇಂಚು ದಪ್ಪ. ವಿಡಿಯೊಗಳಲ್ಲಿ ‘ಕ್ವೀನ್ ಸೈಜ್’ ಅಂತ ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಾರೆ. ಮೊದಲ ಸಾಲಿಗೆ ಎಷ್ಟು ಚೈನ್ (ಕುಣಿಕೆ) ಹಾಕಲಿ, ಎಷ್ಟು ಉಲ್ಲನ್ ತರಲಿ?
– ಓದುಗರು, ಜಯನಗರ

ಉತ್ತರ: ಆ ವಿಡಿಯೊ ಲೆಕ್ಕಗಳನ್ನು ಬಿಟ್ಟುಬಿಡಿ. ಅಮೆರಿಕದ ಕ್ವೀನ್ ಹಾಸಿಗೆ 60 ಅಗಲ, 80 ಉದ್ದ. ನಮ್ಮಲ್ಲಿ ಅದೇ ಹೆಸರಿನಲ್ಲಿ 72, 75, 78 ಇಂಚು ಉದ್ದದವು ಸಿಗುತ್ತವೆ. ಟೇಪ್ ಹಿಡಿದು ಅಳೆದಿದ್ದೀರಲ್ಲ, ಅದೇ ನಿಜವಾದ ಸೈಜ್.

ಈಗ ಇಳಿಬಿಡುವುದು ಎಷ್ಟು ಅಂತ ನೋಡಿ. ದಪ್ಪ ಮುಚ್ಚಲು 6 ಇಂಚು, ಅದರ ಕೆಳಗೆ 4 ಇಂಚು ಸಾಕು. ಎರಡೂ ಬದಿ ಸೇರಿ ಅಗಲ 80 ಆಯಿತು. ತಲೆ ಕಡೆ ಇಳಿಬಿಡುವುದು ಬೇಡ, ಕಾಲಿನ ಕಡೆ ಮಾತ್ರ 10 ಸೇರಿಸಿದರೆ ಉದ್ದ 85. ನಿಮ್ಮ ಮಂಚಕ್ಕೆ ಕಾಲಿನ ಕಡೆ ಎತ್ತರದ ಹಲಗೆ ಇದ್ದರೆ ಆ 10 ಇಂಚೂ ಬೇಡ, ಸುಮ್ನೆ ಮುದುರಿಕೊಂಡು ಕೂರುತ್ತದೆ. ಪಕ್ಕದಲ್ಲಿ ಡ್ರಾಯರ್ ಎಳೆಯುವ ಬಾಕ್ಸ್ ಮಂಚವಾದರೆ ಬದಿಯಲ್ಲೂ ಕಡಿಮೆ ಮಾಡಿ.

ಚೈನ್ ಲೆಕ್ಕಕ್ಕೆ ಮೊದಲು ಒಂದು ತುಂಡು ಹೆಣೆಯಲೇಬೇಕು. ಬಹಳ ಜನ ಇದನ್ನೇ ಬಿಡುತ್ತಾರೆ, ಅರ್ಧ ಹೆಣೆದ ಮೇಲೆ ಬಿಚ್ಚುವ ಸಂಕಟ ಅಲ್ಲಿಂದಲೇ ಶುರು. ಹೊದಿಕೆಗೆ ಬಳಸುವ ಅದೇ ನೂಲು, ಅದೇ ಕಡ್ಡಿಯಲ್ಲಿ 6 ಇಂಚಿನ ಚೌಕ ಮಾಡಿ, ಒಗೆದು ಒಣಗಿಸಿ, ಅಂಚು ಬಿಟ್ಟು ನಡುವಿನ 4 ಇಂಚಿನಲ್ಲಿ ಎಷ್ಟು ಹೊಲಿಗೆ ಬಂದಿವೆ ಎಣಿಸಿ. 14 ಬಂದರೆ ಇಂಚಿಗೆ ಮೂರೂವರೆ. ಸುತ್ತ 2 ಇಂಚಿನ ಅಂಚು ಹಾಕುವುದಾದರೆ 80ರಲ್ಲಿ 4 ಕಳೆಯಿರಿ, ಉಳಿದ 76 ಇಂಚಿಗೆ 266 ಹೊಲಿಗೆ. ಸಾಲು ಮುಗಿಸಿ ತಿರುಗುವಾಗ ಹಾಕುವ ಚೈನ್ ಬೇರೆ. ನೀವು ಆರಿಸಿದ ಡಿಸೈನ್ 12 ಹೊಲಿಗೆಗೊಮ್ಮೆ ಮರುಕಳಿಸುವುದಾದರೆ 264 ಮಾಡಿಕೊಳ್ಳಿ. ಎಣಿಕೆ ತಪ್ಪುವ ಭಯವಿದ್ದರೆ ಹತ್ತು ಚೈನ್ ಜಾಸ್ತಿಯೇ ಹಾಕಿ, ಉಳಿದದ್ದನ್ನು ಮೊದಲ ಗಂಟಿನ ಕಡೆಯಿಂದ ಆಮೇಲೆ ಬಿಚ್ಚಬಹುದು. ಬಿಗಿಯಾಗಿ ಹೆಣೆಯುವವರು ಚೈನಿಗೆ ಮಾತ್ರ ಒಂದು ನಂಬರ್ ದೊಡ್ಡ ಕಡ್ಡಿ ಹಿಡಿಯಿರಿ, ಇಲ್ಲದಿದ್ದರೆ ಕೆಳಗಿನ ಅಂಚು ಎಳೆದುಕೊಳ್ಳುತ್ತದೆ.

ಉಲ್ಲನ್ ಎಷ್ಟು ಅಂತಲೂ ಆ ತುಂಡೇ ಹೇಳುತ್ತದೆ. ಅಡುಗೆಮನೆ ತಕ್ಕಡಿಯಲ್ಲಿ ತೂಗಿ. 36 ಚದರ ಇಂಚಿನ ತುಂಡು 12 ಗ್ರಾಂ ಇದ್ದರೆ, 80ಕ್ಕೆ 85ರ ಹೊದಿಕೆಗೆ ಸುಮಾರು 2 ಕೆಜಿ 270 ಗ್ರಾಂ. ಎರಡೂವರೆ ಕೆಜಿಯನ್ನು ಒಂದೇ ಸಲ ತನ್ನಿ. ಚಿಕ್ಕಪೇಟೆಯಲ್ಲಾಗಲಿ, ಮನೆ ಪಕ್ಕದ ಅಂಗಡಿಯಲ್ಲಾಗಲಿ, ಪ್ರತಿ ಉಂಡೆಯ ಚೀಟಿ ಮೇಲಿನ ಲಾಟ್ ನಂಬರ್ (ಒಟ್ಟಿಗೆ ಬಣ್ಣ ಹಾಕಿದ ಕಂತಿನ ಸಂಖ್ಯೆ) ಒಂದೇ ಇದೆಯಾ ನೋಡಿ. ಬೇರೆ ಲಾಟ್ ಆದರೆ ಬಣ್ಣದ ವ್ಯತ್ಯಾಸ ಹಾಸಿದ ಮೇಲೆ ಎದ್ದು ಕಾಣುತ್ತದೆ. ಬೆಂಗಳೂರಿನ ಚಳಿಗೆ ಅಕ್ರಿಲಿಕ್ ಧಾರಾಳ ಸಾಕು. ಕಾಟನ್ ಚೆಂದ, ಆದರೆ ಭಾರ, ಮಳೆಗಾಲದಲ್ಲಿ ಬೇಗ ಒಣಗುವುದಿಲ್ಲ, ತಂತಿಗೆ ನೇತುಹಾಕಿದರೆ ಜಗ್ಗಿ ಉದ್ದವಾಗುತ್ತದೆ. ಯಾವುದೇ ಆಗಲಿ, ಹರಡಿ ಒಣಗಿಸಿ.

ಪ್ರಶ್ನೆ: ಸಿಂಗಲ್ ಮಂಚಕ್ಕೆ ಹೆಣೆದ ಹೊದಿಕೆಯನ್ನು 48 ಇಂಚಿನ ಮಂಚಕ್ಕೆ ಅಗಲ ಮಾಡಬಹುದೇ?
– ಓದುಗರು, ಮಲ್ಲೇಶ್ವರ

ಉತ್ತರ: ಖಂಡಿತ. ನಿಮ್ಮ ಹಳೇ ಮಂಚ 36 ಇಂಚಿನದಾದರೆ ಒಂದೊಂದು ಬದಿಗೂ 6 ಇಂಚು ಸೇರಿಸಿದರಾಯಿತು. ಸುತ್ತಲೂ ಹೆಣೆಯಬೇಡಿ, ಉದ್ದವೂ ಬೆಳೆಯುತ್ತದೆ, ಎರಡು ಉದ್ದದ ಬದಿಗಳಲ್ಲಿ ಮಾತ್ರ ಹೆಣೆಯಿರಿ. ಡಬಲ್ ಕ್ರೋಶಾ (ಎತ್ತರದ ಹೊಲಿಗೆ) ಆಗಿದ್ದರೆ ಪ್ರತಿ ಸಾಲಿನ ತುದಿಗೆ ಎರಡು ಹೊಲಿಗೆ ಹಾಕಿ ನೋಡಿ. ಅಲೆ ಅಲೆಯಾದರೆ ಅಲ್ಲಲ್ಲಿ ಒಂದು ಕಡಿಮೆ ಮಾಡಿ, ಸುಕ್ಕಾಗಿ ಎಳೆದರೆ ಒಂದು ಸೇರಿಸಿ. ಹಳೇ ಬಣ್ಣವನ್ನೇ ಹುಡುಕುತ್ತಾ ಅಲೆಯಬೇಡಿ, ಅದು ಕೂಡುವುದಿಲ್ಲ. ಎದ್ದು ಕಾಣುವ ಗಾಢ ಬಣ್ಣವೊಂದನ್ನು ತನ್ನಿ, ಬೇಕೆಂದೇ ಮಾಡಿದ ಪಟ್ಟಿಯಂತೆ ಕಾಣುತ್ತದೆ.